ಆಫೀಸರ್ ಆದವರ ಸಂಜೆ

ನಮ್ಮ ಸಂಸಾರ ನಡೆದದ್ದು ಮನೆಯಲ್ಲಲ್ಲ, ಗೋರೆಗಾಂವ್ ಸ್ಟೇಷನ್ನಿನಿಂದ ಚಾಳಿನವರೆಗಿನ ರಸ್ತೆಯಲ್ಲಿ. ಈ ಮಾತಿಗೆ ಯಾರಾದರೂ ನಗಬಹುದು. ಎಂಬತ್ತರ ದಶಕದ ಮುಂಬಯಿಯಲ್ಲಿ ಅತ್ತೆಯ ಜೊತೆ ಒಂದೇ ಖೋಲಿಯಲ್ಲಿ ಬಾಳಿದ ಹೆಂಗಸರು ಮಾತ್ರ ನಗುವುದಿಲ್ಲ. ನಮ್ಮದು ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ, ನಡುವೆ ಒಂದು ಪರದೆ. ಪರದೆಯ ಆಚೆ ಅತ್ತೆಯ ಮಂಚ. ನಾನು ನನ್ನ ಯಜಮಾನರಿಗೆ ಮೆಲ್ಲಗೆ ಒಂದು ಮಾತು ಹೇಳಿದರೆ ಆಚೆಯಿಂದ "ಏನಂತೆ?" ಎಂದು ಬರುತ್ತಿತ್ತು. ಅತ್ತೆ ಕೆಟ್ಟವರಲ್ಲ, ಕಿವಿ ಮಾತ್ರ ತುಂಬಾ ಚುರುಕು. ಮೈಸೂರು ಕಡೆಯಿಂದ ಕೆಲಸ ಹುಡುಕಿಕೊಂಡೋ ಆಸ್ಪತ್ರೆಗೆಂದೋ ಬರುವ ನೆಂಟರು ಬೇರೆ, ವಾರಗಟ್ಟಲೆ ಬಾಗಿಲ ಬಳಿ ಹಾಸಿಕೊಂಡು ಮಲಗುತ್ತಿದ್ದರು. ಗಂಡ ಹೆಂಡಿರ ಮಾತು ಎಂಬುದೊಂದು ಇರುತ್ತದಲ್ಲ, ಅದಕ್ಕೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ.

ಜಾಗ ಸಿಕ್ಕಿದ್ದು ಸ್ಟೇಷನ್ನಿನಲ್ಲಿ. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಸ್ಟೆನೋ. ಇವರು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಔಷಧಿ ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಸಂಜೆ ನನ್ನ ಲೋಕಲ್ ಚರ್ಚ್‌ಗೇಟಿನಿಂದ ಬರುತ್ತಿತ್ತು, ಇವರದು ಎದುರು ದಿಕ್ಕಿನಿಂದ. ಇಬ್ಬರೂ ಇಳಿಯುವುದು ಗೋರೆಗಾಂವಿನಲ್ಲಿ. ಸೇತುವೆಯ ಮೆಟ್ಟಿಲಿಳಿದ ಕಡೆ ಗೋಡೆಗೊರಗಿದಂತೆ ಒಂದು ತೂಕದ ಮಷೀನು ಇತ್ತು. ಹತ್ತಿ ನಿಂತು ನಾಣ್ಯ ಹಾಕಿದರೆ ಬಣ್ಣದ ದೀಪಗಳೆಲ್ಲ ಒಮ್ಮೆ ಸುತ್ತಿ, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ ಅಚ್ಚಾದ ದಪ್ಪ ಟಿಕೇಟು ಟಪ್ಪೆಂದು ಬೀಳುತ್ತಿತ್ತು. ಮೊದಲು ಬಂದವರು ಆ ಮಷೀನಿನ ಪಕ್ಕ ನಿಂತು ಇನ್ನೊಬ್ಬರಿಗಾಗಿ ಕಾಯುವುದು ನಮ್ಮ ಪದ್ಧತಿ. ನಾನು ನಿಂತಿದ್ದರೆ ಇವರು ಬರುತ್ತಲೇ, "ಹತ್ತಬೇಡ್ವೇ, ಮಷೀನು ಪಾಪ ಹಳೇದು" ಎಂದು ಛೇಡಿಸುತ್ತಿದ್ದರು. ನಾನು ಆಗ ಬಡಕಲು ಕಡ್ಡಿ.

ಅಲ್ಲಿಂದ ಚಾಳಿಗೆ ನೆಟ್ಟಗೆ ನಡೆದರೆ ಸ್ವಲ್ಪವೇ ದೂರ. ನಾವು ನೆಟ್ಟಗೆ ನಡೆದದ್ದೇ ಇಲ್ಲ. ಮಾರ್ಕೆಟ್ಟಿನ ಈ ತುದಿಯಲ್ಲಿ ಮೆಂತ್ಯ, ಆ ತುದಿಯಲ್ಲಿ ತೆಂಗಿನಕಾಯಿ, ಮತ್ತೆ ಏನೋ ಮರೆತೆವೆಂದು ಹಿಂದಕ್ಕೆ. ಮಾತು ಏನು ಮಹಾ? ಕೆಟ್ಟು ಕೂತ ಮೋಲ್ಡಿಂಗ್ ಮಷೀನಿನ ಕಥೆ, ನಮ್ಮ ಆಫೀಸಿನ ಪ್ಯೂನ್ ಸಕ್ಕರೆ ಕದ್ದ ಕಥೆ. ಮದುವೆಯಾಗಿ ಬಹಳ ವರ್ಷ ಮಗು ಆಗಲಿಲ್ಲವೆಂದು ಡಾಕ್ಟರ ಹತ್ತಿರ ಹೋಗೋಣವೇ ಎಂದು ಇವರು ಕೇಳಿದ್ದು ಅದೇ ರಸ್ತೆಯಲ್ಲಿ, ಕೈಯಲ್ಲಿ ಬದನೆಕಾಯಿ ಹಿಡಿದುಕೊಂಡು. ಇನ್ನು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಅತ್ತದ್ದೂ ಅಲ್ಲೇ, ಒಂದು ಮುಚ್ಚಿದ ಅಂಗಡಿಯ ಮುಂದೆ. ಇವರು ಜನರಿಗೆ ಕಾಣದಂತೆ ನನಗೆ ಅಡ್ಡ ನಿಂತಿದ್ದರು. ಅಳು ಮುಗಿದ ಮೇಲೆ ಮುಖ ತೊಳೆದು ಮನೆಗೆ ಹೋದೆವು, ಅತ್ತೆಗೆ ಏನೂ ಗೊತ್ತಾಗಲಿಲ್ಲ. ಅಂಥ ರಸ್ತೆ ಅದು.

ಇವರಿಗೆ ಓಟಿ, ಅಂದರೆ ಓವರ್‌ಟೈಮ್, ಇದ್ದ ದಿನ ಮಾತ್ರ ಆ ಭೇಟಿ ತಪ್ಪುತ್ತಿತ್ತು. ಅದಕ್ಕೂ ಒಂದು ಕ್ರಮವಿತ್ತು. ಓಟಿಗೆ ಯಾರು ಯಾರು ನಿಲ್ಲಬೇಕೆಂದು ಟೈಮ್‌ಕೀಪರ್ ಮಧ್ಯಾಹ್ನದ ಹೊತ್ತಿಗೆ ಗೇಟಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಇವರು ಅವನ ಮೇಜಿನಿಂದಲೇ ನನ್ನ ಆಫೀಸಿಗೆ ಫೋನ್ ಮಾಡಿ, "ಇವತ್ತು ಬೋರ್ಡಲ್ಲಿದೀನಿ ಕಣೇ" ಎಂದಷ್ಟೇ ಹೇಳಿ ಇಡುತ್ತಿದ್ದರು. ನಾನು ಆ ದಿನ ಕಾಯದೆ ಮನೆಗೆ ಹೋಗುತ್ತಿದ್ದೆ. ಅಂಥ ದಿನಗಳು ಕಡಿಮೆ. ಅವರ ಶೇಠ್‌ಗೆ ನಮ್ಮ ಮೇಲೆ ಕರುಣೆಯಿತ್ತೆಂದಲ್ಲ. ಓಟಿ ಎಂದರೆ ಎರಡು ಪಟ್ಟು ಕೂಲಿ, ಕೊಡುವಾಗ ಅವನ ಹೊಟ್ಟೆ ಉರಿಯುತ್ತಿತ್ತು. ಆದ್ದರಿಂದ ಮಾಲು ಹೋಗಲೇಬೇಕು ಎಂಬ ದಿನ ಬಿಟ್ಟು ಯಾರ ಹೆಸರೂ ಬೋರ್ಡಿಗೆ ಏರುತ್ತಿರಲಿಲ್ಲ. ಅವನ ಆ ಹೊಟ್ಟೆಯುರಿಯೇ ನಮ್ಮ ಸಂಜೆಗಳನ್ನು ಕಾಯುತ್ತಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ನಮ್ಮ ಸಾಹೇಬರು ಸರ್ಕಾರದ ಕಾರ್ಮಿಕ ಇಲಾಖೆಯಲ್ಲಿದ್ದು ನಿವೃತ್ತರಾದ ಮರಾಠಿಯವರು. ಸಣ್ಣಪುಟ್ಟ ಕಾರ್ಖಾನೆಯವರಿಗೆ ಕಾಯಿದೆ ತಿಳಿಸಿ ಕೊಡುವುದು ಅವರ ವ್ಯವಹಾರ. ಹೊಸ ನಿಯಮ ಬರುವ ಸುದ್ದಿಯಾದರೆ ಎಲ್ಲ ಮಾಲೀಕರಿಗೂ ಸರ್ಕ್ಯುಲರ್ ಕಳಿಸಿ, ಒಂದೊಂದು ಎಸ್ಟೇಟಿಗೂ ಹೋಗಿ ಮೀಟಿಂಗ್ ಮಾಡಿ, ಅವರನ್ನು ಮುಂಚೆಯೇ ತಯಾರು ಮಾಡುತ್ತಿದ್ದರು. ಸರ್ಕ್ಯುಲರಿನ ಪ್ರತಿಗಳಿಗಾಗಿ ಟೈಪ್‌ರೈಟರಿನಲ್ಲಿ ಸ್ಟೆನ್ಸಿಲ್ ಕತ್ತರಿಸುವುದು, ಮೀಟಿಂಗಿನಲ್ಲಿ ಆದ ಮಾತನ್ನು ಶಾರ್ಟ್‌ಹ್ಯಾಂಡಿನಲ್ಲಿ ಇಳಿಸುವುದು ನನ್ನ ಪಾಲಿನದು. ಸಾಹೇಬರು ಸತ್ಯವಂತರು. ಕಾಯಿದೆ ಏನು ಹೇಳುತ್ತದೋ ಅದಕ್ಕೆ ಒಂದು ಅಕ್ಷರ ಸೇರಿಸುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ.

ಒಂದು ವರ್ಷ ಬದಲಾದದ್ದು ಓಟಿಗೆ ಯಾರು ಅರ್ಹರು ಎಂಬ ನಿಯಮ. ಕೈಯಿಂದ ಕೆಲಸ ಮಾಡುವವರಿಗೆ ಹೇಗೂ ಓಟಿ ಉಂಟು. ಸೂಪರ್‌ವೈಸರುಗಳದು ಮಾತ್ರ ತಕರಾರು: ಅವರ ಸಂಬಳ ಒಂದು ಮಿತಿಯೊಳಗಿದ್ದರೆ ಓಟಿ ಕೊಡಬೇಕು, ಮಿತಿ ದಾಟಿದರೆ ಬೇಕಾಗಿಲ್ಲ. ಆ ಮಿತಿಯನ್ನು ಸರ್ಕಾರ ಚೆನ್ನಾಗಿಯೇ ಮೇಲಕ್ಕೇರಿಸಿತ್ತು. ಇವರ ಸಂಬಳ ಹಳೆಯ ಮಿತಿಯ ಅಂಚಿಗೆ ಬಂದು ನಿಂತಿತ್ತು. ಇನ್ನೊಂದು ಬಡ್ತಿಗೆ ಓಟಿ ಹೋಗಿಬಿಡುತ್ತದೆ ಎಂದು ನಾವು ರಸ್ತೆಯಲ್ಲಿ ಎಷ್ಟೋ ಸಲ ಲೆಕ್ಕ ಹಾಕಿದ್ದೆವು. ಈಗ ಆ ಭಯವಿಲ್ಲ. ಆ ಸರ್ಕ್ಯುಲರನ್ನು ಟೈಪ್ ಮಾಡುವಾಗ ನನ್ನ ಬೆರಳಿಗೆ ಹಬ್ಬ. ಜನರಿಗೆ ಒಳ್ಳೆಯದಾಗುವ ಕಾಗದವನ್ನು ನನ್ನ ಕೈಯಿಂದ ಹೊಡೆದೆ ಎಂದು ಬೀಗಿದೆ ಕೂಡ.

ಕಾಂದಿವಲಿಯ ಮೀಟಿಂಗು ಎಸ್ಟೇಟಿನ ಹಾಲಿನಲ್ಲಿ, ಊಟದ ನಂತರ. ಸಮೋಸ, ವೇಫರ್ಸ್, ಚಹಾ. ತೂಕಡಿಸುವವರು, ತಂಬಾಕು ಉಜ್ಜುವವರು, ಎಲ್ಲ ಸಣ್ಣ ಮಾಲೀಕರೇ. ಸಾಹೇಬರು ಹಿಂದಿಯಲ್ಲಿ ನಿಧಾನವಾಗಿ ಎಲ್ಲವನ್ನೂ ವಿವರಿಸಿದರು. ಮುಗಿದ ಕೂಡಲೇ ಮೊದಲ ಸಾಲಿನಿಂದ ಒಬ್ಬರು ಎದ್ದು ತಮ್ಮ ಕಾರ್ಖಾನೆಯ ಹೆಸರು ಹೇಳಿದರು. ಇವರ ಶೇಠ್! ಅದುವರೆಗೆ ನಾನು ಅವರನ್ನು ಕಂಡಿರಲಿಲ್ಲ, ಅವರು ನನ್ನನ್ನು ಕಂಡಿರಲಿಲ್ಲ. ಬಿಳೀ ಸಫಾರಿ, ಮೆದು ದನಿ, ಯಾರ ಮನೆಯ ಮಾವನಾದರೂ ಆಗಬಹುದಾದಂಥ ಮುಖ.

"ಸಾಹೇಬ್, ಈ ಸೂಪರ್‌ವೈಸರುಗಳನ್ನ ಏನು ಮಾಡೋದು?" ಎಂದರು.

"ಎರಡು ದಾರಿ," ಎಂದರು ಸಾಹೇಬರು. "ಓಟಿ ಕೊಡಿ, ಇಲ್ಲವೇ ಅವರ ಸಂಬಳವನ್ನ ಹೊಸ ಮಿತಿ ದಾಟಿಸಿ. ಮಿತಿ ದಾಟಿದವನು ಎಷ್ಟು ಹೊತ್ತು ನಿಂತರೂ ಕಾಯಿದೆ ಕೇಳೋದಿಲ್ಲ."

"ದಾಟಿಸಿದರೆ ಲಾಭಾನಾ?"

"ಅದು ನೀವು ಅವನನ್ನ ಎಷ್ಟು ಹೊತ್ತು ನಿಲ್ಲಿಸ್ತೀರಿ ಅನ್ನೋದರ ಮೇಲೆ."

ಹಾಲಿನಲ್ಲಿ ತೂಕಡಿಸುತ್ತಿದ್ದವರೂ ಎಚ್ಚೆತ್ತರು. ಶೇಠ್ ನಗುತ್ತಾ ಹೇಳಿದರು: "ನನ್ನ ಹತ್ತಿರ ಒಬ್ಬ ಮದ್ರಾಸಿ ಇದ್ದಾನೆ. ಗಡಿಯಾರ ನೋಡುವ ಮನುಷ್ಯನೇ ಅಲ್ಲ. ಅವನಿಗೆ ಆಫೀಸರ್ ಅಂತ ಒಂದು ಹೆಸರು ಕೊಟ್ಟರೆ ಸಾಕು, ಭಾನುವಾರವೂ ಬರ್ತಾನೆ." ಎಲ್ಲರೂ ನಕ್ಕರು. ಆ ಕಾರ್ಖಾನೆಯಲ್ಲಿ ದಕ್ಷಿಣದ ಸೂಪರ್‌ವೈಸರ್ ಇದ್ದದ್ದು ಒಬ್ಬರೇ. ಮೈಸೂರಿನವರಾದರೇನು, ಆ ಊರಿನ ಬಾಯಲ್ಲಿ ನಾವೆಲ್ಲ ಮದ್ರಾಸಿಗಳೇ. ನನ್ನ ಪೆನ್ಸಿಲ್ ನನ್ನನ್ನು ಕೇಳದೆಯೇ ಆ ಮಾತನ್ನೂ ಬರೆದುಕೊಂಡಿತು. ಸಮೋಸ ತಿನ್ನಲಾಗಲಿಲ್ಲ, ಹಾಗೇ ಬಿಟ್ಟೆ.

ಅಂದೇ ಸಂಜೆ, ಮೆಂತ್ಯ ಸೊಪ್ಪಿನ ಗಾಡಿಯ ಮುಂದೆ, ಇವರಿಗೆ ಎಲ್ಲ ಹೇಳಿದೆ. ಒಂದೂ ಬಿಡಲಿಲ್ಲ. ಇವರು ಸೊಪ್ಪಿನ ಕಟ್ಟು ತಿರುಗಿಸಿ ತಿರುಗಿಸಿ ನೋಡುತ್ತಾ ಕೇಳಿಸಿಕೊಂಡರು.

"ನಿಜವಾಗ್ಲೂ ಹಾಗಂದ್ರಾ? ಗಡಿಯಾರ ನೋಡಲ್ಲ ಅಂತ?"

"ಅಂದ್ರು. ಎಲ್ಲಾರೂ ನಕ್ಕರು."

"ನೋಡಿದ್ಯಾ!" ಎಂದರು. ಮುಖ ಅರಳಿತ್ತು. "ನಾನು ಅಂದ್ಕೊಂಡಿದ್ದೆ, ಶೇಠ್ ಏನೂ ಗಮನಿಸೋದೇ ಇಲ್ಲ ಅಂತ. ಅಷ್ಟು ಜನರ ಮುಂದೆ ನನ್ನ ಮಾತು ತೆಗೆದ್ರು ಅಂದ್ರೆ!"

ನನಗೆ ಸಿಟ್ಟು ನೆತ್ತಿಗೇರಿತು. ಸೊಪ್ಪಿನವಳ ಮುಂದೆಯೇ ಕೂಗಾಡಿದೆ. "ಅದು ಹೊಗಳಿಕೆ ಅಲ್ಲಾರೀ, ಅದು ಗೇಲಿ. ನಿಮ್ಮನ್ನ ಬಿಟ್ಟಿ ದುಡಿಸ್ಕೊಳ್ಳಕ್ಕೆ ಹೂಡಿರೋ ಆಟ. ಬೇಡ ಅನ್ನಿ. ನಾನು ಸೂಪರ್‌ವೈಸರಾಗೇ ಇರ್ತೀನಿ ಅನ್ನಿ."

ಇವರು ಸೊಪ್ಪಿನ ಕಟ್ಟನ್ನು ಗಾಡಿಯ ಮೇಲಿಟ್ಟು, "ಯಾವ ಬಾಯಲ್ಲಿ ಅನ್ನಲೇ? ನನ್ನ ಆಫೀಸರ್ ಮಾಡ್ಬೇಡಿ ಅಂತ ಯಾವನಾದ್ರೂ ಹೋಗಿ ಕೇಳ್ತಾನಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಅಮ್ಮನಿಗೆ ಗೊತ್ತಾದ್ರೆ ಎಷ್ಟು ಖುಷಿ ಪಡ್ತಾಳೆ" ಎಂದರು. ಮಾವ ಊರಿನಲ್ಲಿ ಒಂದು ಕಚೇರಿಯಲ್ಲಿ ಜವಾನರಾಗಿದ್ದವರು. ಅವರ ಕಣ್ಣೆದುರಿಗೆ ಮಗ ಆಫೀಸರ್ ಆಗಬೇಕಿತ್ತೆಂಬುದು ಅತ್ತೆಯ ಬಾಯಲ್ಲಿ ದಿನವೂ ಬರುತ್ತಿದ್ದ ಮಾತು. ಆ ಆಸೆಯ ಮುಂದೆ ಮೆಂತ್ಯ ಸೊಪ್ಪು ಕೊಳ್ಳುವ ಸಂಜೆಯನ್ನು ನಾನು ಹೇಗೆ ಇಟ್ಟು ವಾದಿಸಲಿ?

ಹೊಸ ನಿಯಮ ಜಾರಿಗೆ ಬರುವ ಮುಂಚೆಯೇ ಆದೇಶ ಬಂತು. ಅತ್ತೆ ರವೆ ಉಂಡೆ ಕಟ್ಟಿ ಚಾಳಿನ ಒಂದೊಂದು ಬಾಗಿಲಿಗೂ ತಾವೇ ಹೋಗಿ ಹಂಚಿದರು. ಮರಾಠಿ ಬಾರದ ಅವರು, "ಮಾಝಾ ಮುಲಗಾ ಆಫೀಸರ್", ನನ್ನ ಮಗ ಆಫೀಸರ್, ಎಂಬಷ್ಟನ್ನು ಪಕ್ಕದ ಮನೆಯವಳ ಹತ್ತಿರ ಬಾಯಿಪಾಠ ಮಾಡಿಕೊಂಡಿದ್ದರು. ಸಂಬಳ ಹೆಚ್ಚಾಯಿತು, ಸುಳ್ಳು ಹೇಳಬಾರದು. ಇವರಿಗೆ ಎರಡು ಹೊಸ ನೀಲಿ ಷರಟು ಹೊಲಿಸಿದೆವು. ಅವುಗಳಿಗೆ ಇಸ್ತ್ರಿ ಹಾಕುವಾಗ ನನಗೂ ಒಳಗೊಳಗೆ ಹೆಮ್ಮೆಯೇ ಆಯಿತು. ಇದನ್ನೂ ಹೇಳಿಬಿಡಬೇಕು.

ಆಫೀಸರುಗಳಿಗೆ ಕಾರ್ಡ್ ಇಲ್ಲ. ಅದುವರೆಗೆ ಇವರು ಎಲ್ಲರಂತೆ ಗೇಟಿನ ಗಡಿಯಾರದಲ್ಲಿ ಹೋಗುವಾಗೊಮ್ಮೆ ಬರುವಾಗೊಮ್ಮೆ ಕಾರ್ಡ್ ಪಂಚ್ ಮಾಡುತ್ತಿದ್ದರು. ಆಫೀಸರ್ ಆದ ಮೊದಲ ದಿನ ಅಭ್ಯಾಸಬಲದಿಂದ ಸಾಲಿನಲ್ಲಿ ನಿಂತು, ಕಾರ್ಡಿಡುವ ತಮ್ಮ ಗೂಡಿಗೆ ಕೈ ಹಾಕಿದರೆ ಖಾಲಿ. ಟೈಮ್‌ಕೀಪರ್ ಎದ್ದು ಸಲಾಮು ಹೊಡೆದು, "ಸಾಬ್, ಆಪ್ ಐಸೇ ಜಾಯಿಯೇ" ಎಂದನಂತೆ, ನೀವು ಹಾಗೇ ಹೋಗಿ ಎಂದು. ಅದನ್ನು ಮನೆಗೆ ಬಂದು ಅಭಿನಯಿಸಿ ತೋರಿಸಿ, ನಮ್ಮಿಬ್ಬರನ್ನೂ ನಗಿಸಿದರು. ನಾನು ನಕ್ಕೆ. ಆ ರಾತ್ರಿ ಮಲಗಿದ ಮೇಲೆ ಹೊಳೆಯಿತು, ಇವರು ಯಾವಾಗ ಒಳಗೆ ಹೋದರು, ಯಾವಾಗ ಹೊರಗೆ ಬಂದರು ಎಂಬುದನ್ನು ಇನ್ನು ಆ ಕಾರ್ಖಾನೆಯಲ್ಲಿ ಯಾವ ಗಡಿಯಾರವೂ ಹೇಳುವುದಿಲ್ಲ.

ಬೋರ್ಡಿನಲ್ಲೂ ಇವರ ಹೆಸರು ಬರೆಯುವುದು ನಿಂತಿತು. ಬರೆಯುವ ಅಗತ್ಯ ಏನು? ಆಫೀಸರ್ ಎಂದರೆ ಎಲ್ಲ ದಿನವೂ ಬೋರ್ಡಿನಲ್ಲಿದ್ದ ಹಾಗೇ. ಮಧ್ಯಾಹ್ನದ ಫೋನು ಬರಲಿಲ್ಲ. ಏಕೆಂದರೆ ಮಧ್ಯಾಹ್ನ ಇವರಿಗೇ ಗೊತ್ತಿರುತ್ತಿರಲಿಲ್ಲ. ಹೊರಡುವ ಹೊತ್ತಿಗೆ ಸರಿಯಾಗಿ ಶೇಠ್ ಕ್ಯಾಬಿನ್ನಿಗೆ ಕರೆದು, "ಸ್ವಲ್ಪ ನೋಡ್ಕೊಂಡು ಹೋಗಿ ಸಾಹೇಬ್" ಎನ್ನುತ್ತಿದ್ದರು. ತಮ್ಮ ಶೇಠ್ ತಮಗೆ ಸಾಹೇಬ್ ಎಂದರೆ ಯಾರಿಗಾದರೂ ಕಾಲು ಕದಲುತ್ತದೆಯೇ?

ನಾನು ತೂಕದ ಮಷೀನಿನ ಹತ್ತಿರ ನಿಲ್ಲುತ್ತಿದ್ದೆ. ಒಂದು ಗಾಡಿ ಬಂದು ಹೋಗುತ್ತಿತ್ತು, ಇನ್ನೊಂದು. ಸೇತುವೆಯ ಮೆಟ್ಟಿಲುಗಳ ಮೇಲೆ ಜನ ಇಳಿದು ಬರುವಾಗ ಎಲ್ಲ ನೀಲಿ ಷರಟುಗಳೂ ಮೊದಲು ಇವರದೇ ಆಗಿ, ಹತ್ತಿರ ಬಂದಂತೆ ಬೇರೆ ಯಾರದೋ ಆಗುತ್ತಿದ್ದವು. ಒಂಟಿ ಹೆಂಗಸು ದಿನವೂ ಒಂದೇ ಜಾಗದಲ್ಲಿ ನಿಂತರೆ ನೋಡುವವರ ಕಣ್ಣು ಹೇಗಿರುತ್ತದೆ, ಅದನ್ನೂ ಕಂಡೆ. ಬೇಸರಕ್ಕೆ ಒಮ್ಮೆ ಮಷೀನು ಹತ್ತಿ ನಾಣ್ಯ ಹಾಕಿದೆ. ನಿಮ್ಮ ಒಳ್ಳೆಯ ಕಾಲ ಸಮೀಪಿಸಿದೆ ಎಂದು ಹಿಂದಿಯಲ್ಲಿ ಇತ್ತು. ಹರಿದು ಹಳಿಯ ಕಡೆ ಎಸೆದೆ.

ಇವರ ಕೈಕೆಳಗೆ ಮಷೀನು ನಡೆಸುತ್ತಿದ್ದ ಒಬ್ಬ ಆಪರೇಟರ್ ಇದ್ದ, ವಿಜಾಪುರದ ಕಡೆಯವನು. ಮಾತು ಜೋರು, ಮನಸ್ಸು ಮೆದು. ಅವನೂ ಗೋರೆಗಾಂವಿನಲ್ಲೇ ಇಳಿಯುವವನು. ನಾನು ನಿಂತಿದ್ದನ್ನು ಕಂಡು ಪಕ್ಕಕ್ಕೆ ಬಂದು ಸುದ್ದಿ ಹೇಳಿ ಹೋಗುತ್ತಿದ್ದ. "ಅಕ್ಕಾರ, ಸಾಹೇಬ್ರು ಈಗೇನ್ ಬರಂಗಿಲ್ರೀ. ನಾಳಿಗೆ ಮಾಲ್ ಹೋಗೋದೈತಿ. ನೀವು ಮನಿಗೆ ನಡೀರಿ." ಕೆಲವು ದಿನ ಅವನೂ ತಡವಾಗಿ ಬರುತ್ತಿದ್ದ. ಓಟಿ ಮುಗಿಸಿ ಬಂದವನು ನನ್ನನ್ನು ಕಂಡು ಮುಖ ಕೆಳಗೆ ಹಾಕುತ್ತಿದ್ದ. ಒಂದು ದಿನ ತಡೆಯದೆ ಹೇಳಿಯೇಬಿಟ್ಟ: "ನಾವು ನಿಂತ್ರ ನಮಗ ರೊಕ್ಕಾ ಕೊಡಬೇಕಾಗ್ತೈತಂತ ಶೇಠ್ ನಮ್ಮನ್ನ ಲಗೂನ ಬಿಡ್ತಾನ್ರೀ. ನಮ್ಮ ಮಷೀನಾ ಆಮ್ಯಾಲ ಸಾಹೇಬ್ರ ನಡಸ್ತಾರ. ಅಂಗಿ ಬಿಚ್ಚಿ ಗೂಟಕ್ಕ ಹಾಕಿ." ಇಸ್ತ್ರಿ ಹಾಕಿದ ಆ ಹೊಸ ಷರಟಿನಲ್ಲಿ ಒಂದು ಕಲೆಯೂ ಇಲ್ಲದೆ ಬನಿಯನ್ನು ಮಾತ್ರ ಎಣ್ಣೆಯಾಗಿ ಬರುತ್ತಿದ್ದುದು ಏಕೆಂದು ಆಗ ತಿಳಿಯಿತು. ಅತ್ತೆಗೆ ಕಾಣದಂತೆ ಬನಿಯನ್ನನ್ನು ಮೊದಲೇ ಸೋಪಿನ ನೀರಿಗೆ ಹಾಕತೊಡಗಿದೆ.

ನಮ್ಮ ಸಾಹೇಬರನ್ನು ಕೇಳಿದೆ. ಹೆಸರು ಹೇಳದೆ, ಯಾರದೋ ವಿಷಯವೆಂಬಂತೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು, ಅರ್ಥವಾಗಿತ್ತು. "ನೋಡಮ್ಮ, ಆಫೀಸರ್ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಆಗೋದಿಲ್ಲ, ನಿಜವಾಗಿ ಮಷೀನು ನಡೆಸ್ತಾನೆ ಅಂದರೆ ಅವನು ಕಾಮಗಾರನೇ ಅಂತ ಲಡಾಯಿ ಮಾಡಬಹುದು. ಆದರೆ ಅವರೇ ಬಂದು ಹೇಳಬೇಕು. ನಾನು ಆಫೀಸರ್ ಅಲ್ಲ ಅಂತ ಅವರೇ ಬರೆದು ಕೊಡಬೇಕು." ಅದನ್ನು ಮನೆಗೆ ಬಂದು ಹೇಳಿದೆ. ಇವರು ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ ಪರದೆಯ ಕಡೆ ನೋಡಿದರು. ಪರದೆಯಾಚೆಯಿಂದ "ಏನಂತೆ?" ಎಂದು ಬಂತು. "ಏನಿಲ್ಲಮ್ಮ, ಆಫೀಸಿನ ಮಾತು" ಎಂದರು ಇವರು. ಆ ವಿಷಯ ಅಲ್ಲಿಗೇ ಮುಗಿಯಿತು.

ಕಾಯುವುದನ್ನು ನಾನು ಯಾವ ದಿನ ಬಿಟ್ಟೆ ಎಂಬುದು ನೆನಪಿಲ್ಲ. ಜಗಳವಾಡಿ ಬಿಡಲಿಲ್ಲ. ಒಂದು ಸಂಜೆ ಮಳೆ ಬಂತು, ನಿಲ್ಲಲಿಲ್ಲ. ಮರುದಿನ ಅತ್ತೆಗೆ ಜ್ವರ, ನಿಲ್ಲಲಿಲ್ಲ. ಆಮೇಲೆ ಮಷೀನಿನ ಮುಂದಿನಿಂದ ನಡೆದುಹೋಗುವಾಗ ಅದನ್ನು ನೋಡದಿರುವುದೂ ಅಭ್ಯಾಸವಾಯಿತು. ತರಕಾರಿಯನ್ನು ಸ್ಟೇಷನ್ನಿನ ಬಾಯಲ್ಲೇ ಕೊಂಡು ನೆಟ್ಟಗೆ ಮನೆಗೆ ಹೋಗುತ್ತಿದ್ದೆ. ಇವರು ಬರುವಷ್ಟರಲ್ಲಿ ನೆರೆಮನೆಯ ದೀಪಗಳೆಲ್ಲ ಆರಿರುತ್ತಿದ್ದವು. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು. ಹೇಳುವುದು ಇಬ್ಬರಿಗೂ ಇತ್ತು. ಹೇಳುವ ರಸ್ತೆ ಇರಲಿಲ್ಲ. ವರ್ಷಗಳು ಹಾಗೇ ಹೋದವು, ನಾವು ಒಬ್ಬರಿಗೊಬ್ಬರು ಮರ್ಯಾದೆಯ ಬಾಡಿಗೆದಾರರಾದೆವು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಅತ್ತೆ ತೀರಿಕೊಂಡರು. ಮಗ ಆಫೀಸರ್ ಆಗಿರುವಾಗಲೇ ಹೋದರು, ಅದು ಅವರ ಪುಣ್ಯ. ಅವರ ಕಾರ್ಯ ಮುಗಿಸಿ ಬಂದ ಮೇಲೆ ಪರದೆ ತೆಗೆದು ಒಗೆದು ಮಡಚಿಟ್ಟೆ. ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಮಾತಾಡಲು ಈಗ ಯಾವ ಅಡ್ಡಿಯೂ ಇರಲಿಲ್ಲ, ಆದರೆ ಮಾತಿಗೆ ಅಭ್ಯಾಸ ತಪ್ಪಿಹೋಗಿತ್ತು.

ತೊಂಬತ್ತರ ಸುಮಾರಿಗೆ ಶೇಠ್ ಮಷೀನುಗಳನ್ನು ಗುಜರಾತಿನ ಕಡೆ ಸಾಗಿಸಿದರು. ಅಲ್ಲಿ ಜಾಗ ಅಗ್ಗ, ತೆರಿಗೆ ಕಡಿಮೆ. ಆಗ ಎಷ್ಟೋ ಕಾರ್ಖಾನೆಗಳು ಹಾಗೇ ಹೋದವು. ಮಷೀನುಗಳನ್ನು ಬಿಚ್ಚಿ, ನಂಬರು ಹಾಕಿ, ಲಾರಿಗೆ ಏರಿಸುವ ಉಸ್ತುವಾರಿ ಇವರದೇ. ಕಾಮಗಾರರು ಯೂನಿಯನ್ ಹಿಡಿದು ಕೂತು, ಜಗಳವಾಡಿ, ಪರಿಹಾರ ಪಡೆದರು. ಆ ಮಾತುಕತೆಯಲ್ಲಿ ಇವರು ಮೇಜಿನ ಶೇಠ್ ಕಡೆಯ ಕುರ್ಚಿಯಲ್ಲಿ ಕೂತಿದ್ದರು, ಆಫೀಸರಲ್ಲವೇ? ಕಡೆಯ ಲಾರಿ ಹೋದ ಮೇಲೆ ಶೇಠ್ ಕ್ಯಾಬಿನ್ನಿಗೆ ಕರೆದು, ಕೈ ಕುಲುಕಿ, ನಿಮ್ಮಂಥವರು ಸಿಗುವುದಿಲ್ಲ ಎಂದರಂತೆ. ಬಾಕಿ ಸಂಬಳದ ಲಕೋಟೆ, ಒಂದು ಗೋಡೆ ಗಡಿಯಾರ, ಅಷ್ಟೇ. ಗಡಿಯಾರವೇ ಏಕೆ ಕೊಟ್ಟರೋ!

ಆಪರೇಟರ್ ಊರಿಗೆ ಹೋಗಿ ಅಂಗಡಿ ಇಡುವವನಿದ್ದ. ಹೋಗುವ ಮುಂಚೆ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದ. ಇವರ ಕಾಲಿಗೆ ಬಿದ್ದು ಎದ್ದವನು ಕಣ್ಣೊರೆಸಿಕೊಂಡು, "ಸಾಹೇಬ್ರ, ನೀವು ನಮ್ಮ ಸಾಲಿನ್ಯಾಗ ನಿಂತಿದ್ರ ಛಲೋ ಇತ್ರೀ" ಎಂದ. ಇವರು ಅವನ ಬೆನ್ನು ತಟ್ಟಿ, "ಹೋಗ್ಲಿ ಬಿಡಪ್ಪ" ಎಂದರು. ಅವನು ಹೋದ ಮೇಲೆ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಅವನು ಹೇಳಿದ ಮಾತನ್ನೇ ಒಂದು ಕಾಲಕ್ಕೆ ನಾನು ಸೊಪ್ಪಿನ ಗಾಡಿಯ ಮುಂದೆ ಕೂಗಿ ಹೇಳಿದ್ದೆ. ಈಗ ನೆನಪಿಸಲು ಮನಸ್ಸು ಬರಲಿಲ್ಲ.

ಬೇರೆ ಕೆಲಸ ಸಿಗಲಿಲ್ಲ. ಮಷೀನು ನಡೆಸಲು ವಯಸ್ಸಾಯಿತು ಎನ್ನುತ್ತಿದ್ದರು, ಆಫೀಸಿನ ಕೆಲಸಕ್ಕೆ ಓದು ಸಾಲದು ಎನ್ನುತ್ತಿದ್ದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಷರಟು ಹಾಕಿಕೊಂಡು, ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಆಫೀಸಿಗೆ ಹೋಗುವಾಗ ಬಾಗಿಲವರೆಗೆ ಬರುತ್ತಿದ್ದರು. ಒಂದು ಸಂಜೆ ನಾನು ಸೇತುವೆ ಇಳಿದು ಬರುತ್ತಿದ್ದೇನೆ, ತೂಕದ ಮಷೀನಿನ ಪಕ್ಕ ನೀಲಿ ಷರಟು. ಬೇರೆ ಯಾರೋ ಇರಬೇಕೆಂದು ಹತ್ತಿರ ಬಂದರೆ, ಇವರೇ. ಕೈಯಲ್ಲಿ ಖಾಲಿ ಚೀಲ. "ಮನೇಲಿ ಬೇಜಾರಾಯ್ತು" ಎಂದರು. ಇಬ್ಬರೂ ಮಾರ್ಕೆಟ್ಟಿನ ಕಡೆ ನಡೆದೆವು. ಮರುದಿನವೂ ಇದ್ದರು, ಅದರ ಮರುದಿನವೂ. ಎಷ್ಟೋ ವರ್ಷ ನಾನು ಹಂಬಲಿಸಿದ ಸಂಜೆಗಳೆಲ್ಲ ಒಟ್ಟಿಗೆ ಬಂದು ಬಿದ್ದಿದ್ದವು. ಬದನೆಕಾಯಿ ಆರಿಸುತ್ತಿದ್ದೆವು, ಬೆಲೆ ಕೇಳುತ್ತಿದ್ದೆವು. ಇವರಿಗೆ ಹೇಳಲು ಮಷೀನಿನ ಕಥೆ ಇರಲಿಲ್ಲ. ನನ್ನ ಆಫೀಸಿನ ಕಥೆ ಹೇಳಿದರೆ ಇವರಿಗೆ ನೋವಾದೀತೆಂದು ನಾನೂ ಹೇಳುತ್ತಿರಲಿಲ್ಲ. ಚೀಲ ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ.

ಹಾಗಿರುವಾಗ ಇನ್ನೊಂದು ಸಲ ನಿಯಮಗಳಲ್ಲಿ ಬದಲಾವಣೆಯ ಸುದ್ದಿ ಬಂತು. ನಮ್ಮ ಸಾಹೇಬರಿಗೆ ತುಂಬ ವಯಸ್ಸಾಗಿತ್ತು, ಆದರೂ ಮಾಲೀಕರನ್ನು ತಯಾರು ಮಾಡುವ ಉತ್ಸಾಹ ಹಾಗೇ ಇತ್ತು. ಎಸ್ಟೇಟುಗಳಿಗೆಲ್ಲ ಸರ್ಕ್ಯುಲರ್ ಹೋಗಬೇಕು, ಅದೂ ಅಂದೇ. ಮನೆಗೆ ಹೇಳಿಕಳಿಸಲು ಫೋನಿಲ್ಲ. ನಾನು ಟೈಪ್ ಮಾಡುತ್ತಲೇ ಇದ್ದೆ, ಕಿಟಕಿಯ ಹೊರಗೆ ಕತ್ತಲಾಯಿತು. ಓಟಿಗೆ ಯಾರು ಅರ್ಹರು, ಯಾರು ಅಲ್ಲ ಎಂದು ಪುಟಗಟ್ಟಲೆ ಹೊಡೆಯುತ್ತಿದ್ದ ನನಗೆ ಆ ಆಫೀಸಿನಲ್ಲಿ ಓಟಿ ಎಂಬುದು ಯಾವತ್ತೂ ಇರಲಿಲ್ಲ. ಕೇಳಬೇಕೆಂದು ನನಗೂ ತೋಚಿರಲಿಲ್ಲ.

ಗೋರೆಗಾಂವಿಗೆ ಬಂದಾಗ ಸೇತುವೆಯ ಮೇಲೆ ಜನ ವಿರಳವಾಗಿದ್ದರು. ಇವರು ಮನೆಗೆ ಹೋಗಿರುತ್ತಾರೆ ಎಂದುಕೊಂಡೇ ಇಳಿದೆ. ಹೋಗಿರಲಿಲ್ಲ. ಮಷೀನಿನ ಪಕ್ಕ, ಗೋಡೆಗೆ ಭುಜ ಕೊಟ್ಟು, ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಇಳಿದು ಬರುವ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ನೋಟ ಬೇರೆ ಕಡೆ ತಿರುಗಿಸಿದರು.

"ಬೋರ್ಡಲ್ಲಿದ್ಯಾ ಇವತ್ತು?" ಎಂದರು.

"ಹೂಂ ರೀ. ಸಾಹೇಬರು ಬಿಡಲಿಲ್ಲ."

ಮಾರ್ಕೆಟ್ಟು ಮುಚ್ಚಿತ್ತು. ತಿರುಗಿ ನಡೆಯಲು ಹೊರಟೆವು. ಎರಡು ಹೆಜ್ಜೆ ಇಟ್ಟವರು ನಿಂತರು. ಮಷೀನನ್ನು, ಆ ಗೋಡೆಯನ್ನು, ಮೆಟ್ಟಿಲುಗಳನ್ನು ಒಮ್ಮೆ ನೋಡಿದರು.

"ಆಗ ನೀನೂ ಹೀಗೇ ನಿಂತಿರ್ತಿದ್ಯೇನೇ? ಇಷ್ಟು ಹೊತ್ತು?"

ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಅದಕ್ಕೆ ಹೇಳಬೇಕಾದ ಉತ್ತರವನ್ನು ನಾನು ವರ್ಷಗಟ್ಟಲೆ ಮನಸ್ಸಿನಲ್ಲೇ ಟೈಪ್ ಮಾಡಿ ಇಟ್ಟುಕೊಂಡಿದ್ದ ಕಾಲವೊಂದಿತ್ತು. ಈಗ ಇವರ ಮುಖ ನೋಡಿ ಅದನ್ನು ಹರಿದುಹಾಕಿದೆ.

"ಇಲ್ಲಾರೀ," ಎಂದೆ. "ಆಗ ಇಲ್ಲೊಂದು ಬೆಂಚಿತ್ತು. ಕೂತ್ಕೊಂಡಿರ್ತಿದ್ದೆ."

ಇವರು ತಲೆಯಾಡಿಸಿದರು. ಸ್ವಲ್ಪ ದೂರ ಹೋದ ಮೇಲೆ, ಯಾರೂ ಇಲ್ಲದ ಆ ರಸ್ತೆಯಲ್ಲಿ, ಮದುವೆಯಾದಂದಿನಿಂದ ಮೊದಲ ಸಲ ನನ್ನ ಕೈ ಹಿಡಿದು ನಡೆದರು. ಆ ಗೋಡೆಯ ಪಕ್ಕ ಬೆಂಚು ಯಾವತ್ತೂ ಇರಲಿಲ್ಲ, ಅದು ಇವರಿಗೂ ಗೊತ್ತಿತ್ತು.